ಸೇವ್ ಮಾಡದೆ ವಿಂಡೋ ಮುಚ್ಚಿದರೆ ಪ್ರತಿ ಸಲ ಎಚ್ಚರಿಸಬೇಕಾ?

‘ವಿಂಡೋ ಮುಚ್ಚುವಾಗೆಲ್ಲ ಖಂಡಿತ ಹೊರಹೋಗಬೇಕೆ ಅಂತ ಕೇಳಿಬಿಟ್ಟರೆ ಸೇಫ್ ಅಲ್ವಾ?’ ಅಂತ ಕೇಳಿದ್ದೀರಿ. ಅಲ್ಲ. ಏನೂ ಬದಲಾಗದಿದ್ದಾಗಲೂ ಕೇಳ್ತಾ ಇದ್ದರೆ ಜನ ಓದೋದನ್ನೇ ಬಿಡ್ತಾರೆ. ನಿಜವಾಗಿ ಕೆಲಸ ಕಳೆದುಹೋಗುವ ದಿನವೂ ಕೈ ಅಭ್ಯಾಸಬಲದಿಂದ ಅದೇ ಬಟನ್ ಒತ್ತುತ್ತೆ.

ನಾನು ಬರೆದ ಒಂದು ಡೇಟಾ ಎಂಟ್ರಿ ತಂತ್ರಾಂಶದಲ್ಲಿ ‘ಬದಲಾವಣೆಗಳನ್ನು ಉಳಿಸದೆ ಮುಚ್ಚಬೇಕೆ?’ ಅಂತ ಕೇಳಿ, ಕೆಳಗೆ ‘ಹೌದು’, ‘ಇಲ್ಲ’, ‘ರದ್ದು’ ಇಟ್ಟಿದ್ದೆ. ಒಂದು ದಿನ ಬಳಸುವವರ ಪಕ್ಕದಲ್ಲೇ ಕೂತಿದ್ದೆ. ಡೈಲಾಗ್ (ಪ್ರಶ್ನೆ ಕೇಳುವ ಪುಟ್ಟ ಪೆಟ್ಟಿಗೆ) ಬಂತು, ಅವರ ಕಣ್ಣು ‘ಬದಲಾವಣೆಗಳನ್ನು ಉಳಿಸ’ ಅನ್ನೋವರೆಗೆ ಹೋಯ್ತು, ‘ಹೌದು’ ಒತ್ತಿದರು. ಬೆಳಗಿನಿಂದ ಹಾಕಿದ್ದ ಎಂಟ್ರಿಗಳೆಲ್ಲ ಹೋದವು. ‘ಉಳಿಸು ಅಂತ ತಾನೇ ಒತ್ತಿದ್ದು ಸರ್?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ರದ್ದು’ ಕೂಡ ಅಷ್ಟೇ ಅಪಾಯ: ಮುಚ್ಚೋದು ರದ್ದಾ, ಬದಲಾವಣೆ ರದ್ದಾ?

ಆವತ್ತಿನಿಂದ ಬಟನ್ ಮೇಲೆ ಏನಾಗುತ್ತೋ ಅದನ್ನೇ ಬರೀತೀನಿ: ‘ಉಳಿಸಿ ಮುಚ್ಚು’, ‘ಉಳಿಸದೆ ಮುಚ್ಚು’, ‘ವಾಪಸ್ ಹೋಗು’. ಎಂಟರ್ ಒತ್ತಿದರೆ ಉಳಿಸಬೇಕು, ಎಸ್ಕೇಪ್ ಒತ್ತಿದರೆ ವಾಪಸ್ ಹೋಗಬೇಕು. ‘ಉಳಿಸದೆ ಮುಚ್ಚು’ ಬೇರೆ ಎರಡರಿಂದ ಸ್ವಲ್ಪ ದೂರ ಇರಲಿ. ಫೈಲ್ ಹೆಸರನ್ನೂ ಹೇಳಿ. ಜಿಎಡಿಟ್‌ ಅನ್ನೋ ಟೆಕ್ಸ್ಟ್ ಎಡಿಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಷ್ಟು ನಿಮಿಷದ ಕೆಲಸ ಹೋಗುತ್ತೆ ಅಂತಲೂ ತಿಳಿಸುತ್ತೆ. ನನಗೆ ಅದು ತುಂಬಾ ಇಷ್ಟ.

ಬದಲಾವಣೆ ಆಗಿದೆಯೋ ಇಲ್ಲವೋ ಅನ್ನೋದಕ್ಕೆ ಬರೀ ಒಂದು ಫ್ಲ್ಯಾಗ್ (‘ಬದಲಾಗಿದೆ’ ಅಂತ ಹಾಕುವ ಗುರುತು) ಸಾಲದು. ಒಂದಕ್ಷರ ಟೈಪ್ ಮಾಡಿ ಅನ್‌ಡೂ ಮಾಡಿದರೆ ಫೈಲ್ ಮೊದಲಿನ ಹಾಗೇ ಇದೆ, ಆಗ ಕೇಳಬಾರದು. ಸೇವ್ ಆದಾಗ ಅನ್‌ಡೂ ಪಟ್ಟಿಯಲ್ಲಿ ಎಲ್ಲಿದ್ದೆವು ಅಂತ ಗುರುತಿಟ್ಟುಕೊಳ್ಳಿ. ಕ್ಯೂಟಿ (Qt, ವಿಂಡೋ ಇರುವ ತಂತ್ರಾಂಶ ಬರೆಯೋಕೆ ಬಳಸುವ ಸಲಕರಣೆ) ಬಳಸ್ತಿದ್ದರೆ ಅದರ ಅನ್‌ಡೂ ಸ್ಟ್ಯಾಕ್ ಗೆ ಸೇವ್ ಆಯ್ತು ಅಂತ ತಿಳಿಸಿದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತೆ. ಜೊತೆಗೆ ಮುಚ್ಚೋಕೆ ಮುಂಚೆಯೇ ಗೊತ್ತಾಗುವ ಹಾಗೆ ಟೈಟಲ್ ಬಾರ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ, ವಿಂಡೋಸ್ 10ರ ನೋಟ್‌ಪ್ಯಾಡ್‌ನಲ್ಲಿ ಇದ್ದ ಹಾಗೆ.

ಟೆಸ್ಟ್ ಮಾಡುವಾಗ ಬಹಳಷ್ಟು ಜನ ಬಿಟ್ಟುಬಿಡೋದು ಇದು: ‘ಉಳಿಸಿ ಮುಚ್ಚು’ ಒತ್ತಿದ ಮೇಲೆ ಡಿಸ್ಕ್ ತುಂಬಿ ಸೇವ್ ಆಗದಿದ್ದರೆ? ಹೊಸ ಫೈಲ್‌ಗೆ ಹೆಸರು ಕೇಳುವ ಡೈಲಾಗನ್ನು ಬಳಸುವವರು ಅಲ್ಲೇ ಮುಚ್ಚಿಬಿಟ್ಟರೆ? ಎರಡರಲ್ಲೂ ವಿಂಡೋ ತೆರೆದೇ ಇರಬೇಕು. ದಯವಿಟ್ಟು ಇದನ್ನು ಕೈಯಾರೆ ಮಾಡಿ ನೋಡಿ.

ಕರೆಂಟ್ ಹೋದರೆ ಯಾವ ಡೈಲಾಗೂ ಬರಲ್ಲ. ಅದಕ್ಕೆ ಕೆಲಸದ ಒಂದು ಪ್ರತಿಯನ್ನು ಆಗಾಗ ಬೇರೊಂದು ಫೈಲ್‌ಗೆ ಬರೆದಿಡ್ತಾ ಇರಿ, ಮುಂದಿನ ಸಲ ತೆರೆದಾಗ ಅದನ್ನು ಅವರ ಮುಂದಿಡಿ.