ಮನೆಯವರ ಅಸಡ್ಡೆಯಿಂದಲೇ ಬಡ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಾರಾ?

ಬೆಂಗಳೂರಿನಂಥ ಊರಲ್ಲಿ ನಡೆದು ಹೋಗುವಷ್ಟು ದೂರದಲ್ಲೇ ಸರ್ಕಾರಿ ಶಾಲೆ ಇದೆ, ಪುಸ್ತಕ, ಬಿಸಿಯೂಟ ಉಚಿತ. ಆದರೂ ಬಡವರ ಮಕ್ಕಳಿಗೆ ಅಂಕ ಕಡಿಮೆ ಬರುವುದು ತಂದೆತಾಯಿಯ ಅಸಡ್ಡೆಯಿಂದಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಆರು ವರ್ಷದಿಂದ ನಮ್ಮ ಬಡಾವಣೆಯ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ ಹೊತ್ತು ಮನೆಯಲ್ಲೇ ಗಣಿತ ಹೇಳಿಕೊಡುತ್ತಿದ್ದೇನೆ. ಮಕ್ಕಳ ಓದಿನ ಬಗ್ಗೆ ಅಸಡ್ಡೆ ಇರುವ ತಾಯಂದಿರನ್ನು ನಾನು ನೋಡಿದ್ದು ತೀರಾ ಕಡಿಮೆ.

ಕಳೆದ ವರ್ಷ ಪಕ್ಕಪಕ್ಕ ಕೂರುತ್ತಿದ್ದ ಇಬ್ಬರು ಹುಡುಗಿಯರನ್ನೇ ತಗೊಳ್ಳಿ. ಒಬ್ಬಳ ತಂದೆ ಬ್ಯಾಂಕ್ ಉದ್ಯೋಗಿ. ಇನ್ನೊಬ್ಬಳ ಮನೆಯವರು ಯಾದಗಿರಿ ಕಡೆಯಿಂದ ಬಂದವರು. ತಂದೆ ಗಾರೆ ಕೆಲಸಕ್ಕೆ ಹೋಗುತ್ತಾರೆ, ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಲೆಕ್ಕದಲ್ಲಿ ಚುರುಕು ಎರಡನೆಯವಳೇ. ಆದರೆ ಬೆಳಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬಂದರೆ ಕೊಡ ಹಿಡಿಯುವವಳೂ ಅವಳೇ, ತಮ್ಮನಿಗೆ ತಿಂಡಿ ಮಾಡಿ ಶಾಲೆಗೆ ಬಿಡುವವಳೂ ಅವಳೇ. ರಾತ್ರಿ ಒಂದೇ ಕೋಣೆಯಲ್ಲಿ ಐದು ಜನ. ಅಪ್ಪ ಬೆಳಗ್ಗೆ ಬೇಗ ಏಳಬೇಕು, ಹಾಗಾಗಿ ಹತ್ತಕ್ಕೆಲ್ಲ ಲೈಟು ಆರುತ್ತದೆ. ಒಂದು ದಿನ ಅವಳ ನೋಟ್‌ಬುಕ್ಕಿನಲ್ಲಿ ಥೇಲ್ಸನ ಪ್ರಮೇಯ ನೋಡಿದೆ. ದತ್ತ, ಸಾಧನೀಯ, ರಚನೆ ಎಲ್ಲ ದುಂಡಗಿನ ಅಕ್ಷರದಲ್ಲಿ. 'ಸಾಧನೆ' ಎಂದು ಬರೆದು ಅಡಿಗೆರೆ ಎಳೆದಿದ್ದಳು. ಅದರ ಕೆಳಗೆ ಪುಟ ಖಾಲಿ.

ಬ್ಯಾಂಕಿನವರ ಮಗಳು ಎಡವಿದರೆ ಅಪ್ಪನನ್ನು ಕೇಳುತ್ತಾಳೆ. ಅವರಿಗೆ ತಿಳಿಯದಿದ್ದರೆ ಯಾರಿಗಾದರೂ ಫೋನ್ ಮಾಡುತ್ತಾರೆ. ಇವಳ ಸಂದೇಹ ಮರುದಿನದವರೆಗೆ ಹಾಗೇ ಇರುತ್ತದೆ, ಅಷ್ಟರಲ್ಲಿ ಶಾಲೆಯಲ್ಲಿ ಮುಂದಿನ ಪಾಠ ಶುರುವಾಗಿರುತ್ತದೆ. ಅವಳ ತಾಯಿ ನನಗೆ ಹೇಳಿದ್ದು: "ನಮಗ ಅಕ್ಷರ ಬರಂಗಿಲ್ರಿ. ಆಕಿ ಬರದದ್ದು ಖರೇನೋ ತಪ್ಪೋ ನಮಗ ಹ್ಯಾಂಗ ಗೊತ್ತಾಗಬೇಕ್ರಿ?" ಇದನ್ನು ಅಸಡ್ಡೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದ ತಂಡ ಸುಮಾರು 4,000 ಶಾಲೆಗಳ ಸಮೀಕ್ಷೆಯ ವರದಿ ಕೊಟ್ಟಿತು. ಕಟ್ಟಡ, ಪ್ರಯೋಗಾಲಯಗಳಿಗಿಂತ ಮನೆಯ ಹಿನ್ನೆಲೆಯೇ ಕಲಿಕೆಯನ್ನು ಹೆಚ್ಚು ಪ್ರಭಾವಿಸುತ್ತದೆ ಎಂಬ ಅದರ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಉಳಿದರ್ಧವನ್ನು ಮರೆಯುತ್ತಾರೆ: ಹಿಂದುಳಿದ ಮಕ್ಕಳಿಗೆ ಶಾಲೆಯ ಗುಣಮಟ್ಟ ಉಳಿದವರಿಗಿಂತ ಹೆಚ್ಚು ಮುಖ್ಯ, ಜೊತೆಯಲ್ಲಿ ಓದುವವರು ಯಾರು ಎನ್ನುವುದೂ ಮುಖ್ಯ ಎಂದು ಅದೇ ವರದಿ ಹೇಳಿತ್ತು. ನಮ್ಮ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಇಟ್ಟಿದ್ದರಿಂದ ಅಂಥ ಬೆರಕೆಗೆ ದಾರಿಯಾಗಿತ್ತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. ನಗರದಲ್ಲಿ ಅಂಥ ಶಾಲೆ ಎಲ್ಲಿಲ್ಲ ಹೇಳಿ? ಅದು ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಆ ಹುಡುಗಿಗೆ ನಾನು ಹೆಚ್ಚೇನೂ ಮಾಡಲಿಲ್ಲ. ಪಾಠ ಮುಗಿದ ಮೇಲೂ ಒಂಬತ್ತರವರೆಗೆ ನಮ್ಮ ಊಟದ ಮೇಜಿನ ಮೇಲೆ ಓದಿಕೋ ಅಂದೆ, ಅಷ್ಟೇ. ನಾನು ಅಡುಗೆಮನೆಯಲ್ಲಿರುತ್ತಿದ್ದೆ, ಸಿಕ್ಕಿಕೊಂಡಾಗ ಬಂದು ಕೇಳುತ್ತಿದ್ದಳು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 34 ತೆಗೆದಿದ್ದವಳು ಮುಖ್ಯ ಪರೀಕ್ಷೆಯಲ್ಲಿ 61 ತೆಗೆದಳು.