ಸಂಪಾದಕರ ಉತ್ತರ: ಸಂಶೋಧಕರ ಪರಿಚಯದಲ್ಲಿ ಎಚ್-ಇಂಡೆಕ್ಸ್ ಏಕಿಲ್ಲ?

ಮುದ್ದೇಬಿಹಾಳದಿಂದ ಪತ್ರ ಬರೆದಿರುವ ನಿವೃತ್ತ ವಿಜ್ಞಾನ ಶಿಕ್ಷಕರಿಗೆ ನಮಸ್ಕಾರಗಳು.

ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ರೋಗನಿರೋಧಕ ಶಾಸ್ತ್ರದ ಸಂಶೋಧಕರೊಬ್ಬರನ್ನು ಕಳೆದ ಸಂಚಿಕೆಯಲ್ಲಿ ಪರಿಚಯಿಸುವಾಗ, ಅವರ ಪ್ರಬಂಧಗಳ ಸಂಖ್ಯೆಯನ್ನಾಗಲಿ, ಬೇರೆ ಪ್ರಬಂಧಗಳಲ್ಲಿ ಅವುಗಳನ್ನು ಹೆಸರಿಸಿದ ಉಲ್ಲೇಖಗಳ ಮೊತ್ತವನ್ನಾಗಲಿ, ಇವೆರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಎಂಬ ಸೂಚ್ಯಂಕವನ್ನಾಗಲಿ ಏಕೆ ಕೊಡಲಿಲ್ಲವೆಂದು ತಾವು ಕೇಳಿದ್ದೀರಿ. ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ಹುಡುಕಿಕೊಡುವ ಜಾಲತಾಣಗಳಾದ ಗೂಗಲ್ ಸ್ಕಾಲರ್ ಮತ್ತು ಸ್ಕೋಪಸ್ ಬೇರೆ ಬೇರೆ ಅಂಕಿಗಳನ್ನು ತೋರಿಸಿದ್ದರಿಂದ ಯಾವುದನ್ನು ನಂಬಬೇಕೆಂಬುದು ತಮ್ಮ ಎರಡನೆಯ ಪ್ರಶ್ನೆ; ಬೆಳಗಾವಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ಮೊಮ್ಮಗಳು ಪಿಎಚ್.ಡಿ. ಮಾರ್ಗದರ್ಶಕರನ್ನು ಇವುಗಳ ಆಧಾರದ ಮೇಲೆ ಆರಿಸಿಕೊಳ್ಳಬಹುದೇ ಎಂಬುದು ಮೂರನೆಯದು.

ಅಂಕಿಗಳನ್ನು ನಾವು ಯೋಚಿಸಿಯೇ ಬಿಟ್ಟಿದ್ದೇವೆ. ತಾವು ಕಂಡ ಎರಡೂ ಅಂಕಿಗಳು ಸುಳ್ಳಲ್ಲ. ಸ್ಕೋಪಸ್ ತಾನು ಆಯ್ದುಕೊಂಡ ಪ್ರಕಟಣೆಗಳಲ್ಲಿ ಬಂದ ಉಲ್ಲೇಖಗಳನ್ನಷ್ಟೇ ಎಣಿಸುತ್ತದೆ. ಗೂಗಲ್ ಸ್ಕಾಲರ್ ಮಹಾಪ್ರಬಂಧ, ವಿಚಾರ ಸಂಕಿರಣದ ಲೇಖನ, ಇನ್ನೂ ಪರಿಶೀಲನೆಗೊಳ್ಳದ ಕರಡು ಮೊದಲಾದ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಅದರ ಮೊತ್ತ ಸಾಮಾನ್ಯವಾಗಿ ದೊಡ್ಡದು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸಿನ ಲೆಕ್ಕ ಸರಳ: ಒಬ್ಬರ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಉಲ್ಲೇಖಗಳಿದ್ದು, 21 ಪ್ರಬಂಧಗಳಿಗೆ ತಲಾ 21 ಇಲ್ಲದಿದ್ದರೆ ಅವರ ಸೂಚ್ಯಂಕ 20. ಆದರೆ ವಯಸ್ಸಾದಂತೆ ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಮತ್ತು ಒಂದು ಶಾಸ್ತ್ರದ ದಿಕ್ಕನ್ನೇ ಬದಲಿಸಿದ ಪ್ರಬಂಧವೂ ಇದರಲ್ಲಿ ಒಂದೇ ಒಂದಾಗಿ ಎಣಿಕೆಯಾಗುತ್ತದೆ.

ಉಲ್ಲೇಖವು ಉಪಯೋಗದ ಗುರುತು; ಶೋಧದ ಹಿರಿಮೆಯನ್ನು ಅದು ತಾನಾಗಿ ಹೇಳಲಾರದು. ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸುವ, ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಪ್ರಯೋಗಾಲಯಗಳಿಗೆ ಅದು ಬೇಕಾಗಿತ್ತು, ಆದ್ದರಿಂದ ಉಲ್ಲೇಖಿಸಿದರು.

ಇದಕ್ಕೆ ಪ್ರತಿಯಾದ ಘಟನೆ ರೋಗನಿರೋಧಕ ಶಾಸ್ತ್ರದಲ್ಲಿಯೇ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ, ಕೋಳಿಯ ಹಿಂಭಾಗದಲ್ಲಿರುವ ಬರ್ಸಾ ಎಂಬ ಚಿಕ್ಕ ಚೀಲ ಏನು ಕೆಲಸ ಮಾಡುತ್ತದೆಂದು ತಿಳಿಯಲು ಮರಿಗಳಿಂದ ಅದನ್ನು ತೆಗೆದು ನೋಡುತ್ತಿದ್ದರು. ರೋಗಾಣುಗಳ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳಾದ ಪ್ರತಿಕಾಯಗಳ ತಯಾರಿಯನ್ನು ತರಗತಿಯಲ್ಲಿ ತೋರಿಸಲು ಸಹಪಾಠಿ ಚಾಂಗ್ ಅವರು ಗ್ಲಿಕ್ ಅವರಿಂದ ಕೆಲವು ಕೋಳಿಗಳನ್ನು ಪಡೆದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚುಚ್ಚಿದಾಗ, ಬರ್ಸಾ ಇಲ್ಲದ ಕೋಳಿಗಳಲ್ಲಿ ಪ್ರತಿಕಾಯಗಳು ಹುಟ್ಟಲಿಲ್ಲ. ಈ ಫಲಿತಾಂಶವನ್ನು 'ಸೈನ್ಸ್' ಪತ್ರಿಕೆ ತಿರಸ್ಕರಿಸಿತು. 1956ರಲ್ಲಿ ಅದು ಕುಕ್ಕುಟ ವಿಜ್ಞಾನದ ನಿಯತಕಾಲಿಕವಾದ 'ಪೌಲ್ಟ್ರಿ ಸೈನ್ಸ್'ನಲ್ಲಿ ಅಚ್ಚಾಯಿತು, ರೋಗನಿರೋಧಕ ಶಾಸ್ತ್ರಜ್ಞರ ಕಣ್ಣಿಗೆ ಕೂಡಲೇ ಬೀಳಲೂ ಇಲ್ಲ. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಥೈಮಸ್ ಎಂಬ ಗ್ರಂಥಿ ಹಾಗೂ ಬರ್ಸಾಗಳನ್ನು ಅವಲಂಬಿಸಿದ ಎರಡು ಬೇರೆ ಜೀವಕೋಶ ಪರಂಪರೆಗಳನ್ನು ತೋರಿಸಿಕೊಟ್ಟರು. ಇಂದು ಪ್ರತಿ ವೈದ್ಯ ವಿದ್ಯಾರ್ಥಿ ಓದುವ, ಪ್ರತಿಕಾಯ ತಯಾರಿಸುವ 'ಬಿ' ಜೀವಕೋಶದ 'ಬಿ' ಆ ಬರ್ಸಾದಿಂದಲೇ ಬಂದದ್ದು. ಪ್ರಬಂಧ ಪ್ರಕಟವಾದ ಮರುವರ್ಷವೇ ಉಲ್ಲೇಖ ಎಣಿಸಿ ಗ್ಲಿಕ್ ಅವರಿಗೆ ಹುದ್ದೆ ಕೊಡುವ ಸಮಿತಿಯೊಂದು ಕುಳಿತಿದ್ದರೆ ಏನು ತೀರ್ಮಾನಿಸುತ್ತಿತ್ತು ಎಂಬುದನ್ನು ತಾವೇ ಊಹಿಸಬಹುದು.

2025ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಮೇರಿ ಬ್ರಂಕೋ ಅವರ ನಿರ್ಣಾಯಕ ಕೆಲಸ ಒಂದು ಕಂಪನಿಯಲ್ಲಿ ನಡೆದು 2001ರಲ್ಲಿ ಪ್ರಕಟವಾಯಿತು. ಪ್ರಶಸ್ತಿ ಸಂದದ್ದು ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ದಾಳಿ ಮಾಡದಂತೆ ತಡೆಯುವ ಬಗೆಯನ್ನು ಕುರಿತ ಶೋಧಗಳಿಗೆ; ಅದರಲ್ಲಿ ಬ್ರಂಕೋ ಅವರ ಪಾಲು ಫಾಕ್ಸ್‌ಪಿ3 ಎಂಬ ಜೀನಿನ ಶೋಧ. ಇಲ್ಲಿಯೂ ತೂಗಿದ್ದು ಶೋಧವನ್ನೇ, ಉಲ್ಲೇಖಗಳ ಎಣಿಕೆಯನ್ನಲ್ಲ.

ಕ್ಷೇತ್ರಗಳ ಅಂತರವನ್ನೂ ಮರೆಯಬಾರದು. ಬೆಳಗಾವಿಯ ಐಸಿಎಂಆರ್ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯಲ್ಲಿ ಒಂದು ಔಷಧೀಯ ಸಸ್ಯವನ್ನು ಕುರಿತು ವರ್ಷಗಟ್ಟಲೆ ದುಡಿದವರನ್ನು ಕ್ಯಾನ್ಸರಿನ ರೋಗನಿರೋಧಕ ಶಾಸ್ತ್ರದವರ ಪಕ್ಕದಲ್ಲಿಟ್ಟು ಎಚ್-ಇಂಡೆಕ್ಸಿನಿಂದ ತೂಗುವುದು ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಆ ಸಸ್ಯದ ಬಗ್ಗೆ ಬರೆಯುವವರೇ ಕೆಲವರಿರುವಾಗ ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಜೊತೆಗೆ, ಹೊಸ ಪ್ರಯೋಗವಿಲ್ಲದ ಸಮೀಕ್ಷಾ ಪ್ರಬಂಧಗಳು ಮೂಲ ಪ್ರಬಂಧಗಳಿಗಿಂತ ಹೆಚ್ಚು ಉಲ್ಲೇಖ ಗಳಿಸುವುದು ಸಾಮಾನ್ಯ, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡು ಮೊತ್ತ ಬೆಳೆಸುವವರೂ ಇದ್ದಾರೆ.

ಇನ್ನು ತಮ್ಮ ಮೊಮ್ಮಗಳ ವಿಷಯ. ವೈದ್ಯಕೀಯ ಪ್ರಬಂಧಗಳ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಮಾರ್ಗದರ್ಶಕರ ಹೆಸರು ಹುಡುಕಿದರೆ ಪ್ರಬಂಧಗಳ ಸಾರಾಂಶಗಳು ಉಚಿತವಾಗಿ ಸಿಗುತ್ತವೆ. ಈ ಕ್ಷೇತ್ರದ ರೂಢಿಯಂತೆ ಮೊದಲ ಹೆಸರು ಹೆಚ್ಚಿನ ಪ್ರಯೋಗ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಆದ್ದರಿಂದ ಮಾರ್ಗದರ್ಶಕರ ಹೆಸರು ಕೊನೆಯಲ್ಲಿರುವ ಪ್ರಬಂಧಗಳಲ್ಲಿ ಮೊದಲ ಹೆಸರು ಅವರ ವಿದ್ಯಾರ್ಥಿಗಳದ್ದೇ ಎಂದು ನೋಡಲಿ. ಒಂದೇ ಪ್ರಶ್ನೆಯನ್ನು ವರ್ಷದಿಂದ ವರ್ಷಕ್ಕೆ ಆಳವಾಗಿ ಬೆನ್ನುಹತ್ತಿದ್ದಾರೆಯೇ, ಬೇರೆ ಪ್ರಯೋಗಾಲಯದವರು ಆ ಫಲಿತಾಂಶವನ್ನು ಮತ್ತೆ ಪಡೆದಿದ್ದಾರೆಯೇ, ಯಾವುದಾದರೂ ಪ್ರಬಂಧವನ್ನು ದೋಷ ಕಂಡುಬಂದು ಹಿಂಪಡೆಯಲಾಗಿದೆಯೇ ಎಂಬುದನ್ನೂ ಗಮನಿಸಲಿ. ಆಮೇಲೆ ಅವರ ಬಳಿ ಪಿಎಚ್.ಡಿ. ಮುಗಿಸಿದ ಒಬ್ಬಿಬ್ಬರನ್ನು ಫೋನಿನಲ್ಲಿ ವಿಚಾರಿಸಿ, ಪದವಿಗೆ ಎಷ್ಟು ವರ್ಷ ಹಿಡಿಯಿತು, ಪ್ರಬಂಧದಲ್ಲಿ ತಮ್ಮ ಹೆಸರು ಯಾವ ಸ್ಥಾನದಲ್ಲಿ ಬಂತು ಎಂದು ಕೇಳಲು ಆಕೆ ಹಿಂಜರಿಯಬೇಕಿಲ್ಲ.

— ಸಂಪಾದಕರು