ಬಿಪಿ ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿತು ಅನ್ನುವವರಿಗೆ

ಕಿಡ್ನಿ ತೊಂದರೆ ಇರುವವರಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಬರುವವರು ಬೇರೆ ಬೇರೆ, ಆದರೆ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಬಿಪಿ ಮಾತ್ರೆ ತಿಂದೇ ನನ್ನ ಕಿಡ್ನಿ ಹೋಯ್ತು." ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಇವರು 50 ದಾಟಿದವರು. ಸಕ್ಕರೆ ಕಾಯಿಲೆ ಹಳೆಯದು. ಬಿಪಿ ಜಾಸ್ತಿ, ಮೂತ್ರದಲ್ಲಿ ಪ್ರೋಟೀನ್ ಬೇರೆ ಹೋಗುತ್ತಿತ್ತು. ಡಾಕ್ಟರು ಟೆಲ್ಮಿಸಾರ್ಟನ್ ಅನ್ನುವ ಬಿಪಿ ಮಾತ್ರೆ ಶುರು ಮಾಡಿದರು. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ; ಸೋಸುವುದು ಕಮ್ಮಿಯಾದರೆ ರಕ್ತದಲ್ಲಿ ಅದು ಏರುತ್ತದೆ. ಎರಡು ವಾರಕ್ಕೆ ಅದು 1.5ರಿಂದ 1.7ಕ್ಕೆ ಏರಿತು. ಇವರು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಟ್ಟರು.

ನನ್ನ ಮುಂದೆ ಕೂತವರೇ ಎರಡು ರಿಪೋರ್ಟನ್ನು ಅಕ್ಕಪಕ್ಕ ಇಟ್ಟರು. ಕ್ರಿಯಾಟಿನಿನ್ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ನೋಡಿ ಮೇಡಂ, ಇದೇನು ಸುಳ್ಳಾ?"

"ಸುಳ್ಳಲ್ಲ ಸರ್. ಯಾಕೆ ಏರಿತು ಅಂತ ನೋಡೋಣ" ಎಂದೆ.

ಬಿಪಿಯಿಂದ ಕಿಡ್ನಿ ಕೆಡುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಬಿಪಿ ಏರಿಸುವ ಹಾರ್ಮೋನುಗಳ ಸರಪಳಿ ಕಿಡ್ನಿಯಿಂದಲೇ ಶುರುವಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ರಕ್ತದ ಹರಿವು ಸಾಲದಾದಾಗ ಕಿಡ್ನಿ ರೆನಿನ್ ಅನ್ನುವ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಕೊನೆಗೆ ಆಂಜಿಯೋಟೆನ್ಸಿನ್ 2 ಅನ್ನುವ ಹಾರ್ಮೋನು ಹುಟ್ಟುತ್ತದೆ. ಇದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನು ಬರಿಸಿ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ. ರಕ್ತಸ್ರಾವವಾದಾಗ, ಮೈಯಲ್ಲಿ ನೀರು ಕಮ್ಮಿಯಾದಾಗ ಜೀವ ಉಳಿಸುವುದು ಇದೇ. ಆದರೆ ಕಿಡ್ನಿ ಕೆಟ್ಟವರಲ್ಲಿ ಇದು ಎಷ್ಟೋ ಸಲ ಬೇಡದಿದ್ದರೂ ಜೋರಾಗಿ ನಡೆಯುತ್ತಿರುತ್ತದೆ.

ಹಾಳೆಯ ಮೇಲೆ, ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ನಾಳಗಳ ಗೊಂಚಲಿನ ಚಿತ್ರ ಬರೆದೆ. ಒಳಗೆ ಬರುವ ನಾಳ ಒಂದು, ಹೊರಗೆ ಹೋಗುವ ನಾಳ ಒಂದು. ಆಂಜಿಯೋಟೆನ್ಸಿನ್ ಹೊರಗೆ ಹೋಗುವ ನಾಳವನ್ನೇ ಜಾಸ್ತಿ ಹಿಂಡುತ್ತದೆ. ಗೊಂಚಲಿನೊಳಗೆ ಒತ್ತಡ ಏರಿ ಪ್ರೋಟೀನ್ ಸೋರುತ್ತದೆ. ಟೆಲ್ಮಿಸಾರ್ಟನ್ ಆ ಬಿಗಿಯನ್ನು ಸಡಿಲಿಸುತ್ತದೆ. ಒತ್ತಡ ಇಳಿದಾಗ ಸೋಸುವುದೂ ಕೊಂಚ ಕಮ್ಮಿಯಾಗಿ ಕ್ರಿಯಾಟಿನಿನ್ ಏರಬಹುದು. ಏರಿಕೆ ಶೇ. 30ರ ಒಳಗಿದ್ದು ಅಲ್ಲೇ ನಿಂತರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಇವರದು ಸುಮಾರು ಶೇ. 13.

ಅವರು ಚಿತ್ರವನ್ನೇ ನೋಡುತ್ತಾ ಕೂತರು. ಆಮೇಲೆ, "ಅಂದ್ರೆ ಕಿಡ್ನಿಗೆ ಸ್ವಲ್ಪ ಆರಾಮ ಸಿಕ್ಕಿತ್ತು, ನಾನೇ ತಪ್ಪಿಸಿದೆ, ಅಲ್ವಾ?" ಎಂದರು.

ಆ ಕೊರಗನ್ನು ಬೆಳೆಯಲು ಬಿಡಬಾರದು ಅನ್ನಿಸಿತು. "ಸ್ವಲ್ಪ ಏರಬಹುದು ಅಂತ ಮೊದಲೇ ಯಾರಾದರೂ ಹೇಳಿದ್ದರೆ ನೀವು ಹೆದರುತ್ತಿರಲಿಲ್ಲ" ಎಂದೆ.

ಆಪ್ತಸಲಹೆಯಲ್ಲಿ ಹಾರ್ಮೋನಿನ ಪಾಠ ಯಾಕೆ ಅಂತ ಕೆಲವರು ಕೇಳುತ್ತಾರೆ. "ಮಾತ್ರೆ ಬಿಡಬೇಡಿ" ಅನ್ನುವುದನ್ನು ಇವರು ಸಾಕಷ್ಟು ಸಲ ಕೇಳಿದ್ದರು. ಹೆದರಿದವರಿಗೆ ಬರೀ ಅಪ್ಪಣೆ ಸಾಲದು, ಕಾರಣ ಬೇಕು. ಇದು ನನ್ನ ಗಟ್ಟಿ ನಂಬಿಕೆ.

ಅವರಿಗೆ ಕೊಟ್ಟ ಸಲಹೆ ಇಷ್ಟು. ಇವತ್ತೇ ಡಾಕ್ಟರನ್ನು ಕಾಣಿ. ಮಾತ್ರೆ ನಿಮ್ಮಷ್ಟಕ್ಕೆ ಬಿಡುವುದೂ ಬೇಡ, ಮತ್ತೆ ಶುರು ಮಾಡುವುದೂ ಬೇಡ. ಕ್ರಿಯಾಟಿನಿನ್ ಜೊತೆ ಪೊಟ್ಯಾಸಿಯಂ ಕೂಡ ನೋಡಿಸಿ, ಈ ಮಾತ್ರೆಯಿಂದ ಅದೂ ಏರಬಹುದು. ಹಾಗಾಗಿ ಸೋಡಿಯಂ ಕಮ್ಮಿ ಇರುವ ಬದಲಿ ಉಪ್ಪನ್ನು ಸುಮ್ನೆ ತರಬೇಡಿ, ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ವಾಂತಿ, ಭೇದಿ ಜೋರಾದರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಆಗ ಕೆಲವು ದಿನ ಮಾತ್ರೆ ನಿಲ್ಲಿಸಲು ಅವರೇ ಹೇಳಬಹುದು.